ಕಲ್ಲುಕೋರೆಗೆ ಪೇಟೆಯ ಕಸ ಬೇಡ



ಕೆಲವು ತಿಂಗಳಿನಿಂದ ನಮ್ಮ ವಾರ್ಡುಗಳಲ್ಲಿ ಒಂದು ಮಾತು ಓಡಾಡುತ್ತಿದೆ. ಮುರಕಲ್ಲು ತೆಗೆದು ಬಿಟ್ಟ ಕೋರೆಗಳಿರುವವರ ಮನೆಗೆ ದಲ್ಲಾಳಿಗಳು ಬರುತ್ತಿದ್ದಾರೆ. ‘ಹೊಂಡ ಹೇಗೂ ಹಾಳು ಬಿದ್ದಿದೆ. ಪೇಟೆಯ ಕಸ ತಂದು ತುಂಬಿಸಿ, ಮೇಲೆ ಮಣ್ಣು ಹಾಕಿ ಸಮ ಮಾಡಿ ಕೊಡುತ್ತೇವೆ. ಲೋಡಿಗೆ ಇಷ್ಟು ಎಂದು ಹಣವೂ ಉಂಟು. ನಾಲ್ಕು ವರ್ಷ ಕಳೆದರೆ ಅಡಿಕೆ ಸಸಿ ನೆಡಬಹುದು’ ಎಂಬುದು ಅವರ ಮಾತು. ಒಂದಿಬ್ಬರು ನಮ್ಮ ಬಳಿಗೆ ಬಂದು, ‘ಫಾದರ್, ಒಪ್ಪಬಹುದೇ?’ ಎಂದು ಕೇಳಿದ್ದೂ ಇದೆ.

ಒಪ್ಪಬಾರದು ಎಂಬುದು ನಮ್ಮ ಅಭಿಪ್ರಾಯ. ವಾಸನೆ ಬರುತ್ತದೆ, ನೊಣ ಏಳುತ್ತದೆ ಎಂಬಷ್ಟಕ್ಕೇ ಹೀಗೆ ಹೇಳುತ್ತಿಲ್ಲ. ನೊಣ, ನಾಯಿ, ಕಾಗೆಗಳು ಕಣ್ಣಿಗೆ ಕಾಣುವ ಉಪದ್ರ. ಅದಕ್ಕಾಗಿ ಜನ ಹೇಗೂ ಜಗಳವಾಡುತ್ತಾರೆ. ಕಣ್ಣಿಗೆ ಕಾಣದ ಇನ್ನೊಂದು ಉಪದ್ರ ಆ ಹೊಂಡದೊಳಗೆ ಹುಟ್ಟಿಕೊಳ್ಳುತ್ತದೆ. ಹೊಂಡ ಮುಚ್ಚಿ ಇಪ್ಪತ್ತು ವರ್ಷ ಕಳೆದರೂ ಅದು ಪೂರ್ತಿ ಮುಗಿಯುವುದಿಲ್ಲ. ಅದು ಕಸದ ಗ್ಯಾಸು. ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಕಸದ ಗ್ಯಾಸು ಎಂದರೇನೆಂದು ನಮ್ಮ ಕೃಷಿಕರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಎಷ್ಟೋ ಮನೆಗಳ ಹಟ್ಟಿಯ ಬದಿಯಲ್ಲಿ ಗೋಬರ್ ಗ್ಯಾಸಿನ ಗುಂಡಿಯಿದೆ. ಸೆಗಣಿಯನ್ನು ನೀರಿನಲ್ಲಿ ಕಲಸಿ ಗಾಳಿಯಾಡದ ಗುಂಡಿಗೆ ಬಿಟ್ಟರೆ, ಒಳಗಿನ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಿ ಉರಿಯುವ ಗ್ಯಾಸು ಕೊಡುತ್ತವೆ. ಅದು ಪೈಪಿನಲ್ಲಿ ಅಡುಗೆಮನೆಗೆ ಬರುತ್ತದೆ, ಉಳಿದ ಸ್ಲರಿ ತೋಟಕ್ಕೆ ಹೋಗುತ್ತದೆ. ಪೇಟೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿ ಕಸ: ಅನ್ನ, ತರಕಾರಿ ಸಿಪ್ಪೆ, ಮೀನಿನ ತಲೆ, ಕೋಳಿಯ ಕರುಳು, ಹೋಟೆಲಿನ ಎಂಜಲು. ಇದನ್ನು ಪ್ಲಾಸ್ಟಿಕ್ಕಿನೊಡನೆ ಬೆರೆಸಿ ಹೊಂಡಕ್ಕೆ ಸುರಿದು ಮಣ್ಣು ಹೊದೆಸಿದರೆ ಒಳಗಿದ್ದ ಗಾಳಿ ಸ್ವಲ್ಪ ದಿನಗಳಲ್ಲಿ ತೀರಿಹೋಗುತ್ತದೆ. ಆಮೇಲೆ ಮೊದಲು ಹುಳಿ ಏರುತ್ತದೆ. ಕೆಲವು ತಿಂಗಳಲ್ಲಿ ಗ್ಯಾಸು ಶುರುವಾಗುತ್ತದೆ. ಸೆಗಣಿಯ ಗುಂಡಿಯಲ್ಲಿ ಕೆಲಸ ಮಾಡುವ ಅದೇ ಬಗೆಯ ಸೂಕ್ಷ್ಮಜೀವಿಗಳೇ ಇಲ್ಲಿಯೂ ಕೆಲಸ ಮಾಡುತ್ತವೆ. ವ್ಯತ್ಯಾಸ ಇಷ್ಟೇ: ಇಲ್ಲಿ ಗ್ಯಾಸು ಹಿಡಿದಿಡುವ ಗುಮ್ಮಟವಿಲ್ಲ, ಪೈಪಿಲ್ಲ, ಒಲೆಯಿಲ್ಲ. ಹುಟ್ಟಿದ್ದೆಲ್ಲ ದಾರಿ ಸಿಕ್ಕಲ್ಲಿಗೆ ಹೋಗುತ್ತದೆ.

ಈ ಗ್ಯಾಸಿನಲ್ಲಿ ಸುಮಾರು ಅರ್ಧ ಪಾಲು ಮೀಥೇನ್, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಜೊತೆಗೆ ಅಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಸಲ್ಫೈಡ್, ಅಮೋನಿಯಾ, ಬೆಂಜೀನ್ ಮುಂತಾದವು. ಕೊಳೆತ ಮೊಟ್ಟೆಯ ನಾತ ಬರುವುದು ಹೈಡ್ರೋಜನ್ ಸಲ್ಫೈಡಿನಿಂದ. ಗಾಳಿಯ ನೂರು ಕೋಟಿ ಪಾಲಿನಲ್ಲಿ ಅದರದ್ದು ಕೆಲವೇ ಪಾಲು ಇದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದೆ. ಆದರೆ ಅದರ ಪ್ರಮಾಣ ತೀರ ಹೆಚ್ಚಾದಾಗ ಮೂಗೇ ಸೋತುಹೋಗಿ ವಾಸನೆ ತಿಳಿಯದಂತಾಗುತ್ತದೆ. ಮೀಥೇನಿಗಂತೂ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ‘ಈಗ ವಾಸನೆ ನಿಂತಿದೆ, ಇನ್ನು ಭಯವಿಲ್ಲ’ ಎನ್ನುವ ದಲ್ಲಾಳಿಯ ಮಾತಿಗೆ ಯಾವ ಬೆಲೆಯೂ ಇಲ್ಲ.

ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15ರಷ್ಟು ಬೆರೆತರೆ ಅದು ಸಿಡಿಯುವ ಮಿಶ್ರಣ. ಬಯಲಿನಲ್ಲಿ ಗಾಳಿಗೆ ಹಾರಿಹೋಗುವುದರಿಂದ ಹಾಗಾಗುವುದು ಕಡಿಮೆ. ಮುಚ್ಚಿದ ಜಾಗದಲ್ಲಿ ಮಾತ್ರ ಕಷ್ಟ. ಇಲ್ಲಿ ನಮ್ಮ ನೆಲದ ಗುಣವನ್ನು ಸ್ವಲ್ಪ ಯೋಚಿಸಬೇಕು. ಮುರಕಲ್ಲು ಎಂದರೆ ತೂತು ತೂತಾದ ಕಲ್ಲು. ಅದರೊಳಗೆ ನೀರು ಓಡುತ್ತದೆ ಎಂಬುದನ್ನು ನಂಬಿಯೇ ನಮ್ಮ ಹಿರಿಯರು ಗುಡ್ಡೆಯ ಹೊಟ್ಟೆಗೆ ಸುರಂಗ ಕೊರೆದು ತೋಟ ಮಾಡಿದರು. ನೀರು ಓಡುವ ದಾರಿಯಲ್ಲಿ ಗ್ಯಾಸು ಓಡಲಾರದೇ? ಕೋರೆಯಿಂದ ಬಾವಿಗೆ, ಸುರಂಗಕ್ಕೆ, ಮನೆಯ ಪಂಚಾಂಗದ ಅಡಿಗೆ ಅದು ನುಸುಳಬಹುದು. ಮಳೆಗಾಲದಲ್ಲಿ ಮೇಲ್ಮಣ್ಣು ನೀರು ಕುಡಿದು ಬಿಗಿದಾಗ ಮೇಲಕ್ಕೆ ಹೋಗುವ ದಾರಿ ಮುಚ್ಚಿ, ಗ್ಯಾಸು ಪಕ್ಕಕ್ಕೆ ಸರಿಯುವುದು ಇನ್ನೂ ಹೆಚ್ಚು.

ಇದು ಬರೀ ಊಹೆಯಲ್ಲ. ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದ ಲಾಸ್ಕೊ ಎಂಬ ಊರಿನಲ್ಲಿ ಇಟ್ಟಿಗೆಗಾಗಿ ಜೇಡಿ ತೆಗೆದು ಬಿಟ್ಟ ಹಳೆಯ ಕೋರೆಯೊಂದಿತ್ತು. ದಲ್ಲಾಳಿಗಳು ಈಗ ನಮ್ಮಲ್ಲಿ ಮಾಡಲು ಹೊರಟಂತೆ ಅಲ್ಲಿ ಅದಕ್ಕೆ ಮನೆಗಳ ಕಸ ತುಂಬಿ ಮುಚ್ಚಿದ್ದರು. 1986ರ ಮಾರ್ಚ್ 24ರ ಮುಂಜಾನೆ, ಆ ಕೋರೆಯಿಂದ ಸುಮಾರು 70 ಮೀಟರ್ ದೂರದಲ್ಲಿದ್ದ ಮನೆಯೊಂದು ಸಿಡಿದು ನೆಲಸಮವಾಯಿತು. ಒಳಗಿದ್ದ ಮೂವರು ಗಾಯಗೊಂಡರು. ಗ್ಯಾಸು ಬಂಡೆಯ ಬಿರುಕುಗಳಲ್ಲಿ ಹರಿದು ಬಂದು ಮನೆಯ ಅಡಿಯಲ್ಲಿ ಸೇರಿಕೊಂಡಿತ್ತು. ಆ ರಾತ್ರಿ ವಾಯುಭಾರ ಬೇಗ ಬೇಗನೆ ಕುಸಿದದ್ದರಿಂದ ನೆಲದೊಳಗಿನ ಗ್ಯಾಸು ಒಮ್ಮೆಲೇ ಹೊರಗೆ ಬಂದಿತೆಂದು ತನಿಖೆಯಲ್ಲಿ ತಿಳಿಯಿತು. ವಾಯುಭಾರ ಕುಸಿತದ ಸುದ್ದಿಯನ್ನು ನಾವು ರೇಡಿಯೋದಲ್ಲಿ ವರ್ಷಕ್ಕೆ ಎಷ್ಟು ಸಲ ಕೇಳುತ್ತೇವೆ!

ಗ್ಯಾಸು ಸಿಡಿಯದಿದ್ದರೂ ತೋಟಕ್ಕೆ ಒಳ್ಳೆಯದಲ್ಲ. ಬೇರುಗಳಿಗೂ ಉಸಿರು ಬೇಕು. ಮಣ್ಣಿನ ರಂಧ್ರಗಳಲ್ಲಿ ಗಾಳಿಯಿರಬೇಕಾದ ಜಾಗವನ್ನು ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡರೆ ಬೇರು ಉಸಿರುಗಟ್ಟಿ ಗಿಡ ಬಾಡುತ್ತದೆ. ತುಂಬಿಸಿದ ಹೊಂಡದ ಮೇಲೆ ನಾಲ್ಕು ವರ್ಷಕ್ಕೆ ಅಡಿಕೆ ನೆಡಬಹುದು ಎಂದವರು ಈ ಸಂಗತಿ ಹೇಳುವುದಿಲ್ಲ. ಕೊಳೆಯುತ್ತಾ ಹೋದಂತೆ ನೆಲ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ ಎಂಬುದನ್ನೂ ಹೇಳುವುದಿಲ್ಲ. ಗಾಜು, ಸಿರಿಂಜು, ಬ್ಯಾಟರಿ ಸೆಲ್ಲುಗಳು ಬೆರೆತ ಮಣ್ಣಿನಲ್ಲಿ ಯಾರು ಬರಿಗಾಲಿನಲ್ಲಿ ಇಳಿದು ಬುಡ ಬಿಡಿಸುತ್ತಾರೆ?

ಇನ್ನು ಮನುಷ್ಯರ ಆರೋಗ್ಯ. ಕಸದ ಗುಡ್ಡೆಯ ಬಳಿ ಇರುವವರು ಹೇಳಿಕೊಳ್ಳುವ ತೊಂದರೆಗಳು ಎಲ್ಲ ದೇಶಗಳಲ್ಲೂ ಹೆಚ್ಚು ಕಡಿಮೆ ಒಂದೇ: ತಲೆನೋವು, ವಾಕರಿಕೆ, ಕಣ್ಣುರಿ, ಗಂಟಲು ಕೆರೆತ, ಕೆಮ್ಮು, ನಿದ್ದೆಗೇಡು. ದಮ್ಮು ಇರುವವರಿಗೆ ಅದು ಹೆಚ್ಚುತ್ತದೆ. ರೋಮ್ ನಗರವಿರುವ ಇಟೆಲಿಯ ಲಾಝಿಯೊ ಪ್ರಾಂತದಲ್ಲಿ ಒಂಬತ್ತು ಕಸದ ಗುಡ್ಡೆಗಳ ಸುತ್ತ ಐದು ಕಿಲೋಮೀಟರಿನೊಳಗೆ ಇರುವ ಸುಮಾರು 2 ಲಕ್ಷ 42 ಸಾವಿರ ಜನರ ಆರೋಗ್ಯವನ್ನು ಹಲವು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಹೈಡ್ರೋಜನ್ ಸಲ್ಫೈಡ್ ಹೆಚ್ಚು ತಗಲುವ ಮನೆಗಳವರಲ್ಲಿ ಉಸಿರಾಟದ ಕಾಯಿಲೆಗೆ ಆಸ್ಪತ್ರೆ ಸೇರುವುದು, ಅದರಲ್ಲೂ ಮಕ್ಕಳಲ್ಲಿ, ಮತ್ತು ಶ್ವಾಸಕೋಶದ ಕ್ಯಾನ್ಸರಿನ ಸಾವು ಹೆಚ್ಚು ಕಂಡುಬಂದವು. ಇದನ್ನು ಇನ್ನಷ್ಟು ಅಧ್ಯಯನಗಳು ದೃಢಪಡಿಸಬೇಕು ಎಂದು ಆ ವಿಜ್ಞಾನಿಗಳೇ ಬರೆದಿದ್ದಾರೆ. ಅದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ.

ಆದರೆ ‘ಇನ್ನೂ ಸಾಬೀತಾಗಿಲ್ಲ’ ಎಂಬ ಮಾತಿನ ಬೆಲೆ ಕಾಸರಗೋಡಿನವರಾದ ನಮಗೆ ಗೊತ್ತಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದು ನಿಂತದ್ದು 2000ದ ಹೊತ್ತಿಗೆ. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟು ತಡೆ ಹಾಕಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ ಆಜ್ಞೆ ಬಂದದ್ದು 2017ರಲ್ಲಿ. ಕಸದ ಗ್ಯಾಸು ಎಂಡೋಸಲ್ಫಾನ್ ಅಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗಾಳಿಯಲ್ಲಿ ಬಂದದ್ದನ್ನು ಸಾಬೀತು ಮಾಡುವ ಭಾರ ಕೊನೆಗೆ ಯಾರ ಹೆಗಲಿಗೆ ಬೀಳುತ್ತದೆ, ಅದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ ಎಂಬುದಕ್ಕೆ ಮಾತ್ರ ಈ ಉದಾಹರಣೆ.

ಮಂಗಳೂರಿಗೆ ಬರೋಣ. ಆಸ್ಪತ್ರೆಗೆ, ಕಾಲೇಜಿಗೆ, ಬಟ್ಟೆ ಖರೀದಿಗೆ ನಾವೆಲ್ಲ ಹೋಗುವ ಪೇಟೆ. ಆ ಪೇಟೆಯ ಕಸ ಹೋಗಿ ಬೀಳುವುದು ಪಚ್ಚನಾಡಿಯಲ್ಲಿ. 2019ರ ಆಗಸ್ಟ್ ತಿಂಗಳ ಜಡಿಮಳೆಗೆ ಅಲ್ಲಿಯ ಕಸದ ಗುಡ್ಡೆ ಜಾರಿ ಕೆಳಗಿನ ಮಂದಾರ ಎಂಬಲ್ಲಿಗೆ ಇಳಿಯಿತು. ಒಂದೇ ಕ್ಷಣದಲ್ಲಿ ಬಿದ್ದದ್ದಲ್ಲ. ದಿನ ದಿನಕ್ಕೆ ಮುಂದೆ ಮುಂದೆ ಬಂದು ಅಡಿಕೆ ತೋಟ, ತೆಂಗು, ಮನೆಗಳು, ನಾಗಬನವನ್ನು ಮುಚ್ಚಿತು. 27 ಕುಟುಂಬಗಳು ಮನೆ ಬಿಟ್ಟು ಸರಕಾರದ ವಸತಿಗಳಿಗೆ ಹೋಗಬೇಕಾಯಿತು. ತಲೆಮಾರುಗಳಿಂದ ನೆಟ್ಟು ಬೆಳೆಸಿದ ತೋಟದ ಜಾಗದಲ್ಲಿ ಪ್ಲಾಸ್ಟಿಕ್ಕಿನ ನದಿ ನಿಂತದ್ದನ್ನು ಪತ್ರಿಕೆಗಳಲ್ಲಿ ನೋಡಿದವರು ಮರೆಯಲಾರರು. ಮುಖ್ಯ ಕಾರಣ ಮಳೆ ನೀರು ಎಂಬುದು ಸರಿ. ಆದರೆ ಒಳಗೆ ಕೊಳೆತು ಗ್ಯಾಸು ತುಂಬಿ ಸಡಿಲವಾದ ಗುಡ್ಡೆಗೆ ಹಿಡಿತವೇ ಇರುವುದಿಲ್ಲ. ಟರ್ಕಿಯ ಇಸ್ತಾಂಬುಲ್ ನಗರದ ಉಮ್ರಾನಿಯೆಯಲ್ಲಿ 1993ರ ಏಪ್ರಿಲಿನಲ್ಲಿ ಮೀಥೇನ್ ಸಿಡಿದು ಗುಡ್ಡೆ ಜಾರಿ 39 ಜನ ಸತ್ತರು. ಫಿಲಿಪೀನ್ಸಿನ ಪಯಾಟಾಸ್‌ನಲ್ಲಿ 2000ದ ಜುಲೈಯಲ್ಲಿ ಮಳೆಗೆ ಕಸದ ಗುಡ್ಡೆ ಕುಸಿದು ಇನ್ನೂರಕ್ಕೂ ಹೆಚ್ಚು ಜನ, ಬಹುಪಾಲು ಕಸ ಹೆಕ್ಕಿ ಬದುಕುವ ಬಡವರು, ಅಡಿಗೆ ಬಿದ್ದರು. ಎಲ್ಲ ಕಡೆಯೂ ಕಸ ಮಾಡಿದವರು ಮೇಲೆ, ಸತ್ತವರು ಕೆಳಗೆ.

ನಮ್ಮದೇ ರಾಜ್ಯದ ಬ್ರಹ್ಮಪುರಂ ಎಲ್ಲರಿಗೂ ನೆನಪಿರಬಹುದು. ಕೊಚ್ಚಿ ನಗರದ ಕಸ ಹಾಕುವ ಸುಮಾರು 110 ಎಕರೆ ಜಾಗಕ್ಕೆ 2023ರ ಮಾರ್ಚ್ 2ರಂದು ಬೆಂಕಿ ಬಿತ್ತು. ಹನ್ನೆರಡು ದಿನ ಉರಿಯಿತು. ಅಗ್ನಿಶಾಮಕ ದಳ, ನೌಕಾಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದರೂ ಬೆಂಕಿ ಆರಲಿಲ್ಲ. ಯಾಕೆಂದರೆ ಅದು ಮೇಲೆ ಉರಿಯುವ ಬೆಂಕಿಯಲ್ಲ. ಹಲವು ಅಡಿ ಕೆಳಗೆ ಪ್ಲಾಸ್ಟಿಕ್ ಪದರಗಳ ನಡುವೆ, ಗ್ಯಾಸಿನ ಸಹಾಯದಿಂದ ಕೆಂಡದಂತೆ ಹೊಗೆಯಾಡುವ ಬೆಂಕಿ. ಜೆಸಿಬಿಗಳಿಂದ ಅಗೆದು ಅಗೆದು ನೀರು ತುಂಬಿದ ಮೇಲೆಯೇ ಅದು ನಂದಿತು. ಮನೆಯಿಂದ ಹೊರಗೆ ಬರಬೇಡಿ, ಬಂದರೆ ಮಾಸ್ಕ್ ಧರಿಸಿ ಎಂದು ಸರಕಾರ ಹೇಳಬೇಕಾಯಿತು, ಶಾಲೆಗಳಿಗೆ ರಜೆ ಕೊಡಬೇಕಾಯಿತು. ಆ ತಿಂಗಳೇ ಹಸಿರು ನ್ಯಾಯಮಂಡಳಿ ಕೊಚ್ಚಿ ನಗರಪಾಲಿಕೆಗೆ 100 ಕೋಟಿ ರೂಪಾಯಿ ದಂಡ ಹಾಕಿತು. ದಂಡದ ಹಣದಿಂದ ಯಾರ ಶ್ವಾಸಕೋಶವೂ ಶುದ್ಧವಾಗುವುದಿಲ್ಲ ಎಂಬುದು ಬೇರೆ ಮಾತು.

ಹೊಗೆಯ ವಿಷಯದಲ್ಲಿ ದನ ಸಾಕುವವರು ಒಂದು ಸಂಗತಿ ತಿಳಿದಿರಬೇಕು. ಪ್ಲಾಸ್ಟಿಕ್, ಮುಖ್ಯವಾಗಿ ಪಿವಿಸಿ, ಬೆರೆತ ಕಸ ಕಡಿಮೆ ಶಾಖದಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಬೂದಿ, ಧೂಳಿನ ಜೊತೆ ಹಾರಿ ಹುಲ್ಲಿನ ಮೇಲೆ ಕೂರುತ್ತದೆ. ದನ ಆ ಹುಲ್ಲು ಮೇಯುತ್ತದೆ. ಡಯಾಕ್ಸಿನ್ ಕೊಬ್ಬಿನಲ್ಲಿ ಕರಗುವುದರಿಂದ ಹಾಲಿನ ಕೆನೆಗೆ ಬರುತ್ತದೆ. ಮನುಷ್ಯರ ದೇಹಕ್ಕೆ ಸೇರುವ ಡಯಾಕ್ಸಿನ್‌ನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಹಾಲು, ಮಾಂಸ, ಮೀನಿನಂಥ ಆಹಾರದ ಮೂಲಕವೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಡ್ಡೆಯ ಕಸಕ್ಕೆ ಬೆಂಕಿ ಬಿದ್ದರೆ ಹೀಗೆ. ಅಂಗಳದ ಮೂಲೆಯಲ್ಲಿ ಪ್ಲಾಸ್ಟಿಕ್ ತೊಟ್ಟೆ ಸುಟ್ಟರೂ ವಿಷ ಅದೇ, ಪ್ರಮಾಣ ಮಾತ್ರ ಸಣ್ಣದು. ಬೆಳಗ್ಗೆ ಅಂಗಳ ಗುಡಿಸಿ ತೊಟ್ಟೆ, ತರಗೆಲೆ ಒಟ್ಟಿಗೆ ಸುಡುವ ಅಭ್ಯಾಸವನ್ನು ನಮ್ಮ ತಾಯಂದಿರು ಇಂದೇ ಬಿಡಬೇಕೆಂದು ಕೇಳಿಕೊಳ್ಳುತ್ತೇವೆ. ತರಗೆಲೆಯಂತೂ ಸುಡುವ ವಸ್ತುವೇ ಅಲ್ಲ, ತೆಂಗಿನ ಬುಡಕ್ಕೆ ಹೋಗಬೇಕಾದ್ದು.

ಈ ವಾದಗಳನ್ನು ಕೇಳಿದ ವಿದ್ಯಾವಂತರೊಬ್ಬರು, ‘ಫಾದರ್, ಅದೆಲ್ಲ ಹಳೆಯ ಕಾಲದ ಡಂಪಿಂಗ್ ಯಾರ್ಡುಗಳ ಕತೆ. ಈಗ ವೈಜ್ಞಾನಿಕ ರೀತಿ ಇದೆ. ಕೆಳಗೆ ಶೀಟು ಹಾಸುತ್ತಾರೆ, ಪೈಪು ಇಳಿಸಿ ಗ್ಯಾಸು ಎಳೆಯುತ್ತಾರೆ, ಕರೆಂಟು ಮಾಡುತ್ತಾರೆ’ ಎಂದರು. ಸುಳ್ಳಲ್ಲ, ಹಾಗೆ ಮಾಡುವ ದೇಶಗಳಿವೆ. ಹಿಡಿದ ಮೀಥೇನನ್ನು ಬರೇ ಸುಟ್ಟುಬಿಟ್ಟರೂ ವಾತಾವರಣಕ್ಕೆ ಹಾನಿ ಬಹಳ ಕಡಿಮೆಯಾಗುತ್ತದೆ. ಹಳೆಯ ಗುಡ್ಡೆಗಳು ಇರುವಲ್ಲಿ ಹಾಗೆ ಮಾಡಲೇಬೇಕು. ಆದರೆ ಪೈಪು ಇಳಿಸುವುದು ಹೊಂಡ ತುಂಬಿದ ಮೇಲೆ. ನಮ್ಮ ಬಿಸಿಲು ಮಳೆಯ ಹವೆಯಲ್ಲಿ ಅನ್ನ, ಮೀನು, ಕೋಳಿಯ ಕಸ ಅಷ್ಟು ದಿನ ಕಾಯುವುದಿಲ್ಲ. ಪೈಪು ಬರುವಷ್ಟರಲ್ಲಿ ದೊಡ್ಡ ಪಾಲು ಗ್ಯಾಸು ಹುಟ್ಟಿ ಹಾರಿಹೋಗಿರುತ್ತದೆ. ಇಷ್ಟಕ್ಕೂ ರಾತ್ರಿ ಹೊತ್ತು ಲಾರಿಯಲ್ಲಿ ಕಸ ತರುವ ದಲ್ಲಾಳಿ ಪೈಪು ಹಾಕುತ್ತಾನೆಂದು ನಂಬುವುದು ಹೇಗೆ?

ಕಾನೂನೂ ಈ ಮಾತನ್ನು ಹೇಳಿ ಬಹಳ ವರ್ಷಗಳಾದವು. ಕೇಂದ್ರ ಸರಕಾರ 2000ದಲ್ಲಿ ತಂದ ನಗರ ಘನತ್ಯಾಜ್ಯ ನಿಯಮಗಳಲ್ಲೇ ಕೊಳೆಯುವ ಕಸವನ್ನು ಹೊಂಡಕ್ಕೆ ಹಾಕಬಾರದು, ಕೊಳೆಯದ, ಬೇರೆ ಉಪಯೋಗಕ್ಕೂ ಬಾರದ ಕಸ ಮಾತ್ರ ಹೂಳಬೇಕು ಎಂದಿತ್ತು. ಹೂಳುವ ಜಾಗದಲ್ಲಿ ಮೀಥೇನ್ ಪ್ರಮಾಣ ಸಿಡಿಯುವ ಮಟ್ಟದ ಕಾಲು ಭಾಗಕ್ಕಿಂತ ಹೆಚ್ಚಿರಬಾರದು ಎಂದೂ ಇತ್ತು. 2016ರ ನಿಯಮಗಳು ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂದವು. ಬ್ರಹ್ಮಪುರಂ ಸುಟ್ಟದ್ದು ಮೊದಲ ನಿಯಮ ಬಂದು 23 ವರ್ಷಗಳ ಮೇಲೆ. ಕಾಗದದ ನಿಯಮ ಕಾಗದದಲ್ಲೇ ಉಳಿದರೆ ಕೆಳಗಿನ ಊರಿನವನಿಗೆ ಏನು ಪ್ರಯೋಜನ?

ಹವಾಮಾನದ ವಿಷಯವನ್ನು ಒಂದೆರಡು ಮಾತಿನಲ್ಲಿ ಹೇಳುತ್ತೇವೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಮೀಥೇನ್, 20 ವರ್ಷಗಳ ಲೆಕ್ಕ ಹಿಡಿದರೆ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಮಿಗಿಲು. ನಮ್ಮ ಗದ್ದೆಗಳಿಂದ, ದನಗಳಿಂದಲೂ ಮೀಥೇನ್ ಹೊರಡುತ್ತದೆ ಎಂದು ಕೆಲವರು ಕೃಷಿಕರ ಕಡೆ ಬೆರಳು ತೋರಿಸುವುದುಂಟು. ಹೊರಡುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಗದ್ದೆ ಅಕ್ಕಿ ಕೊಡುತ್ತದೆ, ದನ ಹಾಲು ಕೊಡುತ್ತದೆ. ಕಸದ ಗುಡ್ಡೆ ಏನು ಕೊಡುತ್ತದೆ? ಮೀಥೇನ್ ವಾತಾವರಣದಲ್ಲಿ ನಿಲ್ಲುವುದು ಸುಮಾರು ಹನ್ನೆರಡು ವರ್ಷ ಮಾತ್ರ. ಇವತ್ತು ನಿಲ್ಲಿಸಿದರೆ ಅದರ ಫಲ ಈಗಿನ ಮಕ್ಕಳು ಕಾಣಬಹುದು.

ಈಗ ನಮ್ಮ ಮನೆಯ ಬಾಗಿಲಿಗೆ. ಪೇಟೆಯ ಕಸ ಬೇಡ ಎನ್ನುವವರು ತಮ್ಮ ಕಸವನ್ನು ಪೇಟೆಗೂ ತೋಡಿಗೂ ಕಳುಹಿಸಬಾರದು. ಮದುವೆ, ರೋಸ್, ತೊಟ್ಟಿಲು, ಊರ ಹಬ್ಬದ ಊಟಗಳಾದ ಮರುದಿನ ಗೋಣಿಚೀಲ ಕಟ್ಟಿ ಮಾರ್ಗದ ಬದಿಗೆ ಎಸೆಯುವವರು ನಮ್ಮಲ್ಲಿ ಇಲ್ಲವೇ? ಕೋಳಿ ಅಂಗಡಿಯ ಕಸ ಸೇತುವೆಯಿಂದ ಕೆಳಗೆ ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ಇಗರ್ಜಿಯ ಹಬ್ಬದ ಊಟದಲ್ಲಿ ಎಂಜಲಿಗೂ ತಟ್ಟೆಗೂ ಬೇರೆ ಬೇರೆ ತೊಟ್ಟಿಗಳನ್ನಿಟ್ಟು, ಎಂಜಲನ್ನು ಇಗರ್ಜಿಯ ತೋಟದಲ್ಲೇ ಗೊಬ್ಬರ ಮಾಡಬೇಕೆಂದು ಪಾಲನಾ ಪರಿಷತ್ತಿನ ಮುಂದೆ ಇಟ್ಟಿದ್ದೇವೆ. ಬಾಳೆಎಲೆಯಲ್ಲಿ ಊಟ ಹಾಕಿದರೆ ಕೆಲಸ ಇನ್ನೂ ಸುಲಭ.

ಕೃಷಿಕನಿಗೆ ಹಸಿ ಕಸ ಎಂದರೆ ನಷ್ಟವಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಸೊಪ್ಪು, 12 ಕಿಲೋ ಹಟ್ಟಿಗೊಬ್ಬರ ಅಥವಾ ಕಾಂಪೋಸ್ಟ್ ಬೇಕೆಂದು ಕಾಸರಗೋಡಿನ ಸಿಪಿಸಿಆರ್‌ಐ ಶಿಫಾರಸು ಮಾಡುತ್ತದೆ. ದನಗಳು ಕಡಿಮೆಯಾಗಿ, ಹಟ್ಟಿಗೊಬ್ಬರಕ್ಕೆ ಹಣ ಕೊಟ್ಟರೂ ಸಿಗದ ಕಾಲವಿದು. ಅದೇ ಸಂಸ್ಥೆ ತೆಂಗಿನ ಗರಿಗಳನ್ನೇ ಎರೆಹುಳಗಳಿಗೆ ಕೊಟ್ಟು ಎರಡೂವರೆ ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದೆ. ಗೋಬರ್ ಗ್ಯಾಸಿನಲ್ಲಿ ಕಡಿಮೆ ಖರ್ಚಿನ ‘ದೀನಬಂಧು’ ಮಾದರಿ 1984ರಿಂದ ಬಳಕೆಯಲ್ಲಿದೆ. ಸೆಗಣಿ ಕಡಿಮೆಯಿದ್ದಾಗ ಅಡುಗೆಮನೆಯ ಕಸವನ್ನೂ ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಮೀನು, ಕೋಳಿಯ ಕಸಕ್ಕೆ ಕೇರಳದ ಪಶುವೈದ್ಯ ವಿಜ್ಞಾನಿಗಳು ರೂಪಿಸಿದ ತುಂಬೂರ್‌ಮುಳಿ ಮಾದರಿ ಒಳ್ಳೆಯದು. ಗಾಳಿಯಾಡುವ ತೊಟ್ಟಿಯಲ್ಲಿ ಒಂದು ಪದರ ಸೆಗಣಿ, ಒಂದು ಪದರ ಒಣ ಎಲೆ, ಒಂದು ಪದರ ಹಸಿ ಕಸ, ಹೀಗೆ ತುಂಬಿಸುತ್ತಾ ಹೋಗಬೇಕು. ತುಂಬಿದ ಮೇಲೆ ಸುಮಾರು ಮೂರು ತಿಂಗಳು ಬಿಡಬೇಕು. ಗಾಳಿಯಾಡುವುದರಿಂದ ಮೀಥೇನ್ ಹುಟ್ಟುವುದು ತೀರ ಕಡಿಮೆ, ಸರಿಯಾಗಿ ಮಾಡಿದರೆ ವಾಸನೆಯೂ ಇಲ್ಲ. ವಿವರ ಬೇಕಾದವರು ಕೃಷಿಭವನದಲ್ಲಿ ವಿಚಾರಿಸಬಹುದು.

ಇದೆಲ್ಲ ನಾಲ್ಕು ಮನೆಗೆ ಸರಿ, ಪೇಟೆಗೆ ಸಾಧ್ಯವೇ ಎಂದರೆ, ಸಾಧ್ಯ ಎಂದು ಆಲಪ್ಪುಳ ತೋರಿಸಿಕೊಟ್ಟಿತು. ಸರ್ವೋದಯಪುರಂನ ಜನ ಕಸದ ಲಾರಿಗಳನ್ನು ತಡೆದ ಮೇಲೆ ಬೇರೆ ದಾರಿಯಿಲ್ಲದೆ ಆ ಪಟ್ಟಣ 2012ರ ಸುಮಾರಿಗೆ ಮನೆಗಳಲ್ಲಿ ಪೈಪ್ ಕಾಂಪೋಸ್ಟ್ ಮತ್ತು ಚಿಕ್ಕ ಬಯೋಗ್ಯಾಸ್, ಬೀದಿಗಳಲ್ಲಿ ಗಾಳಿಯಾಡುವ ತೊಟ್ಟಿಗಳನ್ನು ತಂದಿತು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಂಸ್ಥೆ ಕಸ ನಿರ್ವಹಣೆಗೆ ಮಾದರಿಯೆಂದು ಹೆಸರಿಸಿದ ಐದು ನಗರಗಳಲ್ಲಿ ಆಲಪ್ಪುಳವೂ ಒಂದು. ಊರಿನವರು ಲಾರಿ ತಡೆಯದಿದ್ದರೆ ಈ ಬುದ್ಧಿ ಪೇಟೆಗೆ ಬರುತ್ತಿತ್ತೇ ಎಂಬುದು ನಮ್ಮ ಸಂಶಯ. ಇನ್ನು ಪ್ಲಾಸ್ಟಿಕ್ ಇತ್ಯಾದಿ ಒಣ ಕಸವನ್ನು ಮನೆಗೆ ಬಂದು ಒಯ್ಯುವ ಹರಿತ ಕರ್ಮ ಸೇನೆಯ ಹೆಂಗಸರಿಗೆ ತಿಂಗಳ ಹಣ ಕೊಡಲು ತಕರಾರು ಮಾಡುವವರಿದ್ದಾರೆ. ಒಂದು ಲಿಮಿನೇಡಿನ ಹಣಕ್ಕೆ ಬಿಸಿಲಲ್ಲಿ ಗುಡ್ಡೆ ಹತ್ತಿ ಬರುವ ಆ ಅಕ್ಕಂದಿರ ಮುಂದೆ ಚೌಕಾಸಿ ಮಾಡುವುದು ನಮಗೆ ಶೋಭೆಯಲ್ಲ.

ಈಗಾಗಲೇ ಕಸ ತುಂಬಿದ ಹೊಂಡಗಳು ನಮ್ಮ ಆಸುಪಾಸಿನಲ್ಲಿ ಒಂದೆರಡಿವೆ. ಅವುಗಳ ಬಗ್ಗೆ ಎಚ್ಚರ ಬೇಕು. ಅಲ್ಲಿ ಬೆಂಕಿ ಹಾಕಬಾರದು, ಬೀಡಿ ಸೇದಬಾರದು. ಅದರ ಮೇಲೆಯಾಗಲಿ ತಾಗಿಕೊಂಡಾಗಲಿ ಮನೆ, ಹಟ್ಟಿ ಕಟ್ಟಬಾರದು. ಹತ್ತಿರದ ಬಾವಿಗೆ, ಸುರಂಗಕ್ಕೆ ಹೂಳು ತೆಗೆಯಲು ಒಬ್ಬರೇ ಇಳಿಯಬಾರದು. ಹಿಂದೆ ಬಾವಿಯಲ್ಲಿ ಉಸಿರಿಗೆ ಗಾಳಿ ಉಂಟೋ ಎಂದು ನೋಡಲು ದೀಪ ಇಳಿಸುತ್ತಿದ್ದರು. ಕಸದ ಹೊಂಡದ ಬಳಿ ಆ ಪದ್ಧತಿ ಬೇಡವೇ ಬೇಡ, ಮೀಥೇನಿಗೆ ದೀಪ ತೋರಿಸಿದಂತಾಗುತ್ತದೆ. ಒಳಗೆ ಇಳಿದವನು ಬಿದ್ದರೆ ಎತ್ತಲು ಇನ್ನೊಬ್ಬ ಹಾಗೆಯೇ ಹಾರಬಾರದು. ಗೋಬರ್ ಗ್ಯಾಸಿನ ಗುಂಡಿಗೂ ಇದೇ ಮಾತು. ಒಬ್ಬನನ್ನು ಎತ್ತಲು ಹೋಗಿ ಇಬ್ಬರು ಮೂವರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತದೆ. ಮೇಲಿಂದ ಹಗ್ಗ ಹಾಕಿ, ಗಾಳಿ ಹೊಡೆದು, ಅಗ್ನಿಶಾಮಕ ದಳಕ್ಕೆ 101ಕ್ಕೆ ಫೋನ್ ಮಾಡಬೇಕು. ಬಾವಿ ನೀರಿಗೆ ಬಣ್ಣ, ನಾತ, ಎಣ್ಣೆಯಂತಹ ಪಸೆ ಕಂಡರೆ ಕುಡಿಯುವುದನ್ನು ನಿಲ್ಲಿಸಿ ನೀರನ್ನು ಪರೀಕ್ಷೆಗೆ ಕೊಡಿ.

ಕೋರೆಯ ಮಾಲಿಕರಲ್ಲಿ ಸಾಲದ ಕಷ್ಟ ಇದ್ದವರಿದ್ದಾರೆ, ಲೋಡಿನ ಹಣ ಅವರಿಗೆ ದೊಡ್ಡದು ಎಂಬುದು ನಮಗೆ ತಿಳಿಯದ್ದಲ್ಲ. ಬಿಟ್ಟ ಕೋರೆಯಲ್ಲಿ ಮಳೆನೀರು ನಿಲ್ಲಿಸಿ ಸುತ್ತಲಿನ ಬಾವಿಗಳಿಗೆ ಒರತೆ ಹೆಚ್ಚಿಸಿಕೊಂಡವರು, ಮೀನು ಸಾಕಿದವರು ಇದ್ದಾರೆ. ಅಂಥ ಕೆಲಸಕ್ಕೆ ಪಂಚಾಯತಿನ ಯೋಜನೆಯಲ್ಲಿ ಸಹಾಯ ಕೇಳಬಹುದು. ಒಬ್ಬೊಬ್ಬರೇ ಕೇಳುವುದಕ್ಕಿಂತ ಒಟ್ಟಾಗಿ ಕೇಳಿದರೆ ಕಿವಿಗೆ ಬೀಳುತ್ತದೆ. ವಾರ್ಡಿನ ಗುರಿಕಾರರು ತಮ್ಮ ತಮ್ಮ ವಾರ್ಡಿನಲ್ಲಿ ಬಿಟ್ಟ ಕೋರೆಗಳು ಎಷ್ಟಿವೆ, ಯಾವುದಕ್ಕೆ ಲಾರಿ ಬರುತ್ತಿದೆ, ಹತ್ತಿರದ ಬಾವಿ, ಸುರಂಗಗಳು ಯಾವುವು ಎಂದು ಬರೆದು ಈ ತಿಂಗಳ ಕೊನೆಯ ಭಾನುವಾರದೊಳಗೆ ಇಗರ್ಜಿಯ ಕಚೇರಿಗೆ ಕೊಡಬೇಕು. ಬೇರೆ ಮತದ ನೆರೆಯವರ ಜಾಗಗಳನ್ನೂ ಅವರನ್ನು ಕೇಳಿಯೇ ಸೇರಿಸಿ. ಮುಂದಿನ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಎಲ್ಲರೂ ಒಟ್ಟಾಗಿ ಮಂಡಿಸೋಣ.